ಪಂಚಾಯ್ತಿ ಕಟ್ಟೆಯಿಂದ ಆಪ್ತಸಮಾಲೋಚನೆಯ ಕೋಣೆಗೆ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಹಳೆಯ ಬಳ್ಳಾರಿ ಜಿಲ್ಲೆ ಒಡೆಯಿತು. ಆದವಾನಿ, ಆಲೂರು ತಾಲೂಕುಗಳು ಕರ್ನೂಲು ಜಿಲ್ಲೆಗೆ ಸೇರಿದವು. ರಾಯದುರ್ಗ ಅನಂತಪುರದ ಪಾಲಾಯಿತು. ಬಳ್ಳಾರಿ ಮೈಸೂರಿಗೆ ಸೇರಿತು. ಆ ಗೆರೆಯಿಂದ ನಮ್ಮ ಕನ್ನಡ ಶಾಲೆಗಳಿಗೆ, ಪಠ್ಯಪುಸ್ತಕಗಳಿಗೆ, ನೌಕರಿಗಳಿಗೆ ಏನಾಯಿತೆಂಬುದನ್ನು ಗಡಿನಾಡಿನ ವೇದಿಕೆಗಳಲ್ಲಿ ಬಹಳವಾಗಿ ಚರ್ಚಿಸಿದ್ದೇವೆ. ಅಷ್ಟಾಗಿ ಮಾತಿಗೆ ಬಾರದ ಇನ್ನೊಂದು ಸಂಗತಿಯಿದೆ. ಮನಸ್ಸು ಕುಸಿದವನು, ದಾಂಪತ್ಯದಲ್ಲಿ ಬಿರುಕು ಕಂಡವಳು ಯಾರ ಬಳಿಗೆ ಹೋಗಿ, ಯಾವ ಭಾಷೆಯಲ್ಲಿ ಹೇಳಿಕೊಳ್ಳಬೇಕು? ಇಂದು ಅದಕ್ಕೆ ‘ಆಪ್ತಸಮಾಲೋಚನೆ’ ಎಂಬ ಹೆಸರಿನ ಒಂದು ವ್ಯವಸ್ಥೆ ಇದೆ. ಅದು ನಮ್ಮ ಕಡೆಗೆ ಹೇಗೆ ಬಂತು, ಅದರ ಕೋಣೆಯೊಳಗೆ ಕಾಲಿಟ್ಟವರು ಏನನ್ನು ನಿರೀಕ್ಷಿಸಬಹುದು ಎಂಬುದೇ ಈ ಲೇಖನದ ವಸ್ತು.

ಮೊದಲು ಹೆಸರಿನ ವಿಚಾರ. ‘ಕೌನ್ಸೆಲಿಂಗ್’ ಎಂದೊಡನೆ ನಮ್ಮ ಮನೆಗಳಲ್ಲಿ ನೆನಪಾಗುವುದು ಇಂಜಿನಿಯರಿಂಗ್ ಸೀಟು ಹಂಚಿಕೆ ಅಥವಾ ಶಿಕ್ಷಕರ ವರ್ಗಾವಣೆ. ಒಂದೇ ಪದ ಇಷ್ಟು ದೂರದ ಅರ್ಥಗಳನ್ನು ಹೊತ್ತು ತಿರುಗುವುದು ವಿಚಿತ್ರವೇ. ಕನ್ನಡದ ಪದ ಅದಕ್ಕಿಂತ ಖಚಿತವಾಗಿದೆ. ‘ಆಪ್ತ’ ಎಂದರೆ ನಂಬಿಕೆಗೆ ಅರ್ಹನಾದವನು. ನಮ್ಮ ತರ್ಕಶಾಸ್ತ್ರ ‘ಆಪ್ತವಾಕ್ಯ’ವನ್ನು ಪ್ರಮಾಣವೆಂದು ಒಪ್ಪಿದೆ. ‘ಸಮಾಲೋಚನೆ’ ಎಂದರೆ ಕೂಡಿ ಯೋಚಿಸುವುದು. ‘ಆಪ್ತಸಲಹೆ’ ಎಂಬ ಇನ್ನೊಂದು ರೂಪವೂ ಬಳಕೆಯಲ್ಲಿದೆ. ಆದರೆ ಸಲಹೆ ಎಂದರೆ ಒಬ್ಬ ಕೊಡುವುದು, ಇನ್ನೊಬ್ಬ ತೆಗೆದುಕೊಳ್ಳುವುದು ಎಂದಾಗುತ್ತದೆ. ಕೋಣೆಯೊಳಗೆ ನಡೆಯುವುದು ಅದಲ್ಲವಾದ್ದರಿಂದ ನನಗೆ ‘ಸಮಾಲೋಚನೆ’ಯೇ ಹೆಚ್ಚು ಸರಿಯೆನಿಸುತ್ತದೆ.

ಈ ವ್ಯವಸ್ಥೆ ಬರುವ ಮೊದಲು ನಮ್ಮವರು ಸುಮ್ಮನೆ ಕುಳಿತಿರಲಿಲ್ಲ. ಗಂಡ-ಹೆಂಡಿರ ಜಗಳ ಮನೆಯ ಹೊಸ್ತಿಲು ದಾಟಿದರೆ ಎರಡೂ ಕಡೆಯ ಹಿರಿಯರು ಕಟ್ಟೆಯ ಮೇಲೆ ಸೇರುತ್ತಿದ್ದರು. ಈಗಲೂ ಸೇರುತ್ತಾರೆ. ಪಂಚಾಯ್ತಿಗೆ ಅದರದೇ ಗುಣಗಳಿವೆ. ಅದು ನಮ್ಮ ಮಾತಿನಲ್ಲೇ ನಡೆಯುತ್ತದೆ, ಬೇಗ ಮುಗಿಯುತ್ತದೆ, ಖರ್ಚು ಕಡಿಮೆ, ಕೂತವರಿಗೆ ಎರಡೂ ಮನೆಗಳ ಹಿನ್ನೆಲೆ ಗೊತ್ತಿರುತ್ತದೆ. ಆದರೆ ಪಂಚಾಯ್ತಿಯ ಕೆಲಸ ತೀರ್ಪು ಕೊಡುವುದು. ತಪ್ಪು ಯಾರದು ಎಂದು ಗೊತ್ತು ಮಾಡಿ, ದಂಡ ಹಾಕಿ ಅಥವಾ ಬುದ್ಧಿ ಹೇಳಿ, ಹೆಣ್ಣನ್ನು ಗಂಡನ ಮನೆಗೆ ಕಳಿಸಿದರೆ ಅಲ್ಲಿಗೆ ಅದು ಮುಗಿಯಿತು. ಹೆಣ್ಣುಮಗಳು ಅಲ್ಲಿ ಮಾತಾಡುವುದು ಅಪರೂಪ. ಅವಳ ಪರವಾಗಿ ಅಣ್ಣನೋ ಅಪ್ಪನೋ ಮಾತಾಡುತ್ತಾನೆ. ಆಡಿದ ಮಾತು ಸಂಜೆಯೊಳಗೆ ಊರೆಲ್ಲ ಹರಡಿರುತ್ತದೆ.

ಮನಸ್ಸಿನ ಬೇನೆಗೆ ಇನ್ನೊಂದು ದಾರಿ ದೇವರ ಸನ್ನಿಧಿ. ನಮ್ಮ ಸೀಮೆಯಲ್ಲಿ ಮಂತ್ರಾಲಯವಿದೆ, ಉರುಕುಂದ ಈರಣ್ಣನ ಗುಡಿಯಿದೆ. ಆದವಾನಿಯ ಅಧಿಪತಿ ಸಿದ್ದಿ ಮಸೂದ್ ಖಾನ್ ರಾಘವೇಂದ್ರ ಸ್ವಾಮಿಗಳಿಗೆ ಮಂಚಾಲೆ ಗ್ರಾಮವನ್ನು ಬಿಟ್ಟುಕೊಟ್ಟನೆಂದು ಪರಂಪರೆ ಹೇಳುತ್ತದೆ. ಅಂದಿನಿಂದ ಇಂದಿನವರೆಗೆ ಜಾತಿ-ಮತಗಳ ಭೇದವಿಲ್ಲದೆ ನೊಂದವರು ಆ ತುಂಗಭದ್ರೆಯ ದಂಡೆಗೆ ಬಂದು ಸೇವೆಗೆ ಕೂರುತ್ತಾರೆ. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವ ಆತುರ ಬೇಡ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸಂಶೋಧಕರು ತಮಿಳುನಾಡಿನ ಒಂದು ಹಳ್ಳಿಯ ದೇವಾಲಯದಲ್ಲಿ ಉಳಿದಿದ್ದ ತೀವ್ರ ಮಾನಸಿಕ ರೋಗಿಗಳನ್ನು ಅಲ್ಲಿಗೇ ಹೋಗಿ ಪರೀಕ್ಷಿಸಿ, 2002ರಲ್ಲಿ ಬ್ರಿಟಿಷ್ ವೈದ್ಯಕೀಯ ನಿಯತಕಾಲಿಕದಲ್ಲಿ ವರದಿ ಪ್ರಕಟಿಸಿದರು. ಔಷಧವಿಲ್ಲದೆ, ಯಾರ ಬಲವಂತವೂ ಇಲ್ಲದೆ, ಕೆಲವು ವಾರ ಆ ನೆಮ್ಮದಿಯ ಆವರಣದಲ್ಲಿ ಇದ್ದವರ ರೋಗಲಕ್ಷಣಗಳು ಸರಾಸರಿ ಶೇಕಡಾ 20ರಷ್ಟು ತಗ್ಗಿದ್ದವು. ಅದಕ್ಕೆ ಒಂದು ವರ್ಷ ಮೊದಲು, 2001ರ ಆಗಸ್ಟ್ 6ರಂದು, ಅದೇ ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಆಸುಪಾಸಿನ ಖಾಸಗಿ ಆಶ್ರಯದಲ್ಲಿ ಸರಪಳಿ ಬಿಗಿದು ಇರಿಸಿದ್ದ ರೋಗಿಗಳು ಬೆಂಕಿಗೆ ಸಿಕ್ಕಿ ಓಡಲಾಗದೆ ಸತ್ತರು. ಸತ್ತವರು 25ಕ್ಕೂ ಹೆಚ್ಚು. ಒಂದು ಕಡೆ ಮನುಷ್ಯನನ್ನು ಮನುಷ್ಯನಂತೆ ಇರಗೊಟ್ಟರು, ಇನ್ನೊಂದು ಕಡೆ ಕಟ್ಟಿಹಾಕಿದರು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ಸರಪಳಿ ಬಿಗಿಯುವುದನ್ನು ಯಾವ ರೂಪದಲ್ಲೂ ನಿಷೇಧಿಸಿದೆ.

ಮನಸ್ಸನ್ನು ಶಾಸ್ತ್ರವಾಗಿ ಅಭ್ಯಾಸ ಮಾಡುವ ಕೆಲಸ ಕನ್ನಡ ನಾಡಿನಲ್ಲಿ ಮೈಸೂರಿನಿಂದ ಆರಂಭವಾಯಿತು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಓದಿ ಬಂದ ಎಂ. ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಆರಂಭಿಸಿ ‘ಆಕಾಶವಾಣಿ’ ಎಂಬ ಹೆಸರನ್ನು ದೇಶಕ್ಕೆ ಕೊಟ್ಟವರೂ ಇವರೇ. ಬೆಂಗಳೂರಿನ ಸರ್ಕಾರಿ ಮಾನಸಿಕ ಆಸ್ಪತ್ರೆ ಎಂ. ವಿ. ಗೋವಿಂದಸ್ವಾಮಿಯವರ ಕಾಲದಲ್ಲಿ ಬೆಳೆಯಿತು. 1954ರಲ್ಲಿ ಅದರ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾದಾಗ ಅವರೇ ನಿರ್ದೇಶಕರಾದರು. ಆಸ್ಪತ್ರೆ ಮತ್ತು ಸಂಸ್ಥೆ ಎರಡೂ 1974ರಲ್ಲಿ ಕೂಡಿ ನಿಮ್ಹಾನ್ಸ್ ಆಯಿತು. ಶಾಸ್ತ್ರವನ್ನು ಸಾಮಾನ್ಯ ಕನ್ನಡ ಓದುಗನ ಮನೆಗೆ ಮುಟ್ಟಿಸಿದವರಲ್ಲಿ ಮೊದಲ ಸಾಲಿನವರು ‘ರಾಶಿ’ ಎಂದೇ ಹೆಸರಾದ ಡಾ. ಎಂ. ಶಿವರಾಂ. ‘ಕೊರವಂಜಿ’ಯಲ್ಲಿ ನಾಡನ್ನು ನಗಿಸಿದ ಈ ವೈದ್ಯರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಥೆ, ಕಾವ್ಯ, ವಿಮರ್ಶೆಗಳಿಗೆ ಸಲ್ಲುವ ಆ ಪ್ರಶಸ್ತಿ ಮಾನಸಿಕ ರೋಗಗಳ ಕುರಿತ ಕೃತಿಗೆ ಸಂದದ್ದು ಕನ್ನಡದ ಹೆಮ್ಮೆ.

ಆಸ್ಪತ್ರೆಯ ಗೋಡೆ ದಾಟಿ ಹಳ್ಳಿಗೆ ಹೋದ ಪ್ರಯತ್ನಗಳಲ್ಲಿ ಎರಡನ್ನು ಹೇಳಲೇಬೇಕು. ಮೊದಲನೆಯದು ಶಿವರಾಮ ಕಾರಂತರ ಹುಟ್ಟೂರು ಕೋಟದಲ್ಲಿ ನಡೆದದ್ದು. ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅಲ್ಲಿನ ಬೇರೆ ಬೇರೆ ಸಮುದಾಯದ ಮನೆಗಳಿಗೆ ಹೋಗಿ ಜನರ ಮಾನಸಿಕ ತೊಂದರೆಗಳನ್ನು ಕೇಳಿ ತಿಳಿದು, 1976ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಕೇಳಿದ ಪ್ರಶ್ನೆಗಳು ಕನ್ನಡದವು, ನಮ್ಮ ಜನ ಬೇನೆಯನ್ನು ಹೇಳಿಕೊಳ್ಳುವ ರೀತಿಗೆ ಹೊಂದಿಸಿದವು. ವಿದೇಶದ ಪ್ರಶ್ನಾವಳಿಯನ್ನು ಹಾಗೆಯೇ ಭಾಷಾಂತರಿಸಿದರೆ ಸಾಲದೆಂಬುದು ಅವರಿಗೆ ಮೊದಲೇ ಹೊಳೆದಿತ್ತು.

ಎರಡನೆಯದು ನಮಗೆ ತೀರ ಹತ್ತಿರದ್ದು. ಅದೇ ಕಪೂರ್ ಅವರ ನೇತೃತ್ವದಲ್ಲಿ ನಿಮ್ಹಾನ್ಸ್ 1970ರ ದಶಕದ ನಡುವಿನಲ್ಲಿ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವೊಂದನ್ನು ತೆರೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ, ಮನೆಮನೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ಮನೋರೋಗದ ಗುರುತುಗಳನ್ನು ಕಲಿಸಬಹುದೇ ಎಂಬುದು ಅಲ್ಲಿನ ಪರೀಕ್ಷೆ. ಕಲಿಸಬಹುದೆಂದು ಗೊತ್ತಾಯಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಾಗ, ಇಡೀ ಒಂದು ಜಿಲ್ಲೆಯಲ್ಲಿ ಇದನ್ನು ನಡೆಸಿ ನೋಡಬೇಕೆಂಬ ತೀರ್ಮಾನವಾಯಿತು. ಆರಿಸಿದ ಜಿಲ್ಲೆ ಬಳ್ಳಾರಿ.

1985ರಿಂದ 1990ರವರೆಗೆ ನಡೆದ ಈ ಪ್ರಯೋಗಕ್ಕೆ ‘ಬಳ್ಳಾರಿ ಮಾದರಿ’ ಎಂದೇ ಹೆಸರಾಯಿತು. ಆರ್. ಶ್ರೀನಿವಾಸಮೂರ್ತಿ, ಮೋಹನ್ ಐಸಾಕ್, ಸಿ. ಆರ್. ಚಂದ್ರಶೇಖರ್, ಆರ್. ಪಾರ್ಥಸಾರಥಿ ಮುಂತಾದವರು ದುಡಿದ ನಿಮ್ಹಾನ್ಸ್‌ನ ಸಮುದಾಯ ವಿಭಾಗ ಇದರ ಹಿಂದಿತ್ತು. ವೈದ್ಯರು ತರಬೇತಿ ಪಡೆದರು. ಕೆಲವೇ ಬಗೆಯ ಅಗತ್ಯ ಔಷಧಗಳು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಿಗತೊಡಗಿದವು. ರೋಗಿಗಳ ದಾಖಲೆಯಿಟ್ಟು ತಿಂಗಳು ತಿಂಗಳಿಗೆ ಪರಿಶೀಲಿಸುವ ಕ್ರಮ ಬಂತು. ಅಲ್ಲಿಯವರೆಗೆ ಬೆಂಗಳೂರಿಗೋ ಧಾರವಾಡಕ್ಕೋ ಹೋಗಬೇಕಾಗಿದ್ದ ರೋಗಿ ತನ್ನ ಊರಿನ ಸಮೀಪವೇ ಮಾತ್ರೆ ಪಡೆಯುವಂತಾಯಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆಲ್ಲ ಅಡಿಗಲ್ಲು ಇದೇ.

ಗೆರೆ ಎಳೆದು ಆಗಲೇ 32 ವರ್ಷವಾಗಿತ್ತು. ಆದವಾನಿ, ಆಲೂರುಗಳು ಬಳ್ಳಾರಿ ಜಿಲ್ಲೆಯಲ್ಲೇ ಉಳಿದಿದ್ದರೆ ಆ ಐದು ವರ್ಷಗಳಲ್ಲಿ ನಮ್ಮ ಆರೋಗ್ಯ ಕೇಂದ್ರಗಳ ವೈದ್ಯರೂ ಅದೇ ತರಬೇತಿ ಪಡೆಯುತ್ತಿದ್ದರು. ಕೌತಾಳದ, ಹೊಳಗುಂದದ ಮನೆಗಳಿಗೂ ಅದೇ ಕಾರ್ಯಕರ್ತರು ಕನ್ನಡದಲ್ಲಿ ಕೇಳುತ್ತ ಬರುತ್ತಿದ್ದರು. 1996ರಲ್ಲಿ ಕೇಂದ್ರ ಸರ್ಕಾರ ಕಾರ್ಯಕ್ರಮವನ್ನು ಹೊರರಾಜ್ಯಗಳಿಗೆ ವಿಸ್ತರಿಸಿದಾಗ ಮೊದಲ ನಾಲ್ಕು ಜಿಲ್ಲೆಗಳಲ್ಲಿ ಆಂಧ್ರದ ಪಾಲಿಗೆ ಬಂದದ್ದು ಮೆದಕ್. ಶಾಲೆ, ನೌಕರಿಗಳ ಲೆಕ್ಕದಲ್ಲಿ ಈ ನಷ್ಟ ಎಲ್ಲಿಯೂ ಸೇರಿಲ್ಲ. ಆದರೂ ಕರ್ನೂಲಿಗಿಂತ ಬಳ್ಳಾರಿ ಸಮೀಪವೆಂದು ಬಸ್ಸು ಹತ್ತಿ ಹೋಗುವ ನಮ್ಮ ಜನ ಅಲ್ಲಿನ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನು ಇಂದಿಗೂ ತಮ್ಮದೆಂದೇ ತಿಳಿದಿದ್ದಾರೆ. ಬೇನೆಗೆ ಜಿಲ್ಲೆಯ ಗಡಿ ತಿಳಿಯುವುದಿಲ್ಲ.

ಬಳ್ಳಾರಿ ಮಾದರಿಗೆ ಮಿತಿಯೂ ಇತ್ತು. ತೀವ್ರ ಮನೋರೋಗ, ಮೂರ್ಛೆರೋಗಗಳ ಕಡೆಗೆ ಅದು ಮೊದಲು ಗಮನ ಕೊಟ್ಟಿತು. ಅಂದಿನ ಸ್ಥಿತಿಯಲ್ಲಿ ಅದೇ ಸರಿಯೂ ಆಗಿತ್ತು. ಮುಂದೆ ದೇಶದುದ್ದಕ್ಕೂ ಹರಡಿದಾಗ ಈ ಕಾರ್ಯಕ್ರಮ ಮಾತ್ರೆ ಹಂಚುವುದರಲ್ಲೇ ನಿಂತಿತು, ಮಾತಿಗೆ ಸಮಯ ಕೊಡಲಿಲ್ಲ ಎಂಬ ಟೀಕೆಯನ್ನು ವಿದ್ವಾಂಸರು ಮಾಡಿದ್ದಾರೆ. ಟೀಕೆಯಲ್ಲಿ ನಿಜವಿದೆ. ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತವನಿಗೆ ಸಿಗುವುದು ಕೆಲವು ನಿಮಿಷ. ಗಂಡನ ಮೌನ, ಸಾಲದ ಭಯ, ಮಗನ ಕುಡಿತ ಇವೆಲ್ಲ ಆ ನಿಮಿಷಗಳಲ್ಲಿ ಹೊರಬರಲಾರವು. ಆ ಬಿಡುವನ್ನು ತುಂಬಿದವರಲ್ಲಿ ಸಿ. ಆರ್. ಚಂದ್ರಶೇಖರ್ ಮುಖ್ಯರು. ಪುಸ್ತಕ, ಅಂಕಣ, ಪ್ರಶ್ನೋತ್ತರ, ಭಾಷಣಗಳ ಮೂಲಕ ಅವರು ಮನೋವೈದ್ಯವನ್ನು ಸರಳ ಕನ್ನಡಕ್ಕೆ ತಂದರು. ಬೆಂಗಳೂರಿನಲ್ಲಿ ‘ಸಮಾಧಾನ’ ಆಪ್ತಸಮಾಲೋಚನಾ ಕೇಂದ್ರವನ್ನು ನಡೆಸಿ, ವೈದ್ಯರಲ್ಲದ ಸಾಮಾನ್ಯರನ್ನೂ ಸಮಾಲೋಚಕರಾಗಿ ತರಬೇತುಗೊಳಿಸಿದರು. 2024ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ನಮ್ಮ ಸಣ್ಣ ಪಟ್ಟಣಗಳ ಸರ್ಕಾರಿ ಆಸ್ಪತ್ರೆಗಳಿಗೆ ‘ಕೌನ್ಸೆಲರ್’ ಎಂಬ ಹುದ್ದೆ ಬಂದ ಬಾಗಿಲು ಮಾತ್ರ ಬೇರೆಯೇ. ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಐಸಿಟಿಸಿ ಕೇಂದ್ರಗಳಲ್ಲಿ ರಕ್ತಪರೀಕ್ಷೆಗೆ ಮೊದಲು ಮತ್ತು ಫಲಿತಾಂಶ ಹೇಳುವಾಗ ಸಮಾಲೋಚಕರು ವ್ಯಕ್ತಿಯೊಡನೆ ಒಂಟಿಯಾಗಿ ಕೂತು ಮಾತಾಡಬೇಕೆಂಬ ನಿಯಮವಿತ್ತು. ಬಾಗಿಲು ಮುಚ್ಚಿ ಮಾತಾಡುವುದು, ಒಪ್ಪಿಗೆ ಕೇಳುವುದು, ಗುಟ್ಟು ಕಾಯುವುದು ಇವೆಲ್ಲ ಅಲ್ಲಿ ನಿತ್ಯದ ಅಭ್ಯಾಸವಾದವು. ಜನ ಆ ಕೋಣೆಯತ್ತ ಅನುಮಾನದಿಂದ ನೋಡುತ್ತಿದ್ದರೆಂಬುದು ನಿಜ. ಆದರೂ ಆಸ್ಪತ್ರೆಯಲ್ಲಿ ಗುಟ್ಟಿಗೆಂದೇ ಒಂದು ಕುರ್ಚಿ, ಒಂದು ಮೇಜು ಮೀಸಲಾದದ್ದು ಅನೇಕ ಊರುಗಳಲ್ಲಿ ಅದೇ ಮೊದಲು. 2018ರ ಮೇ ತಿಂಗಳಿಂದ ಜಾರಿಯಾದ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ಈ ಗುಟ್ಟನ್ನು ಎಲ್ಲ ಮಾನಸಿಕ ಚಿಕಿತ್ಸೆಗೂ ಹಕ್ಕಾಗಿ ಕೊಟ್ಟಿತು.

ಈಗ ಒಬ್ಬ ವ್ಯಕ್ತಿ ಆಪ್ತಸಮಾಲೋಚಕರ ಬಳಿಗೆ ಹೋದನೆಂದಿಟ್ಟುಕೊಳ್ಳೋಣ. ಅವನ ಮೊದಲ ಬೆರಗು, ತನಗೆ ಉತ್ತರ ಸಿಗಲಿಲ್ಲವೆಂಬುದು. ‘ನಾನೇನು ಮಾಡಲಿ?’ ಎಂದು ಕೇಳಿದರೆ ‘ನಿಮಗೆ ಏನನ್ನಿಸುತ್ತದೆ?’ ಎಂಬ ಮರುಪ್ರಶ್ನೆ ಬರುತ್ತದೆ. ದುಡ್ಡು ಕೊಟ್ಟು, ಬಸ್ಸು ಹತ್ತಿ ಬಂದವನಿಗೆ ಇದು ಸಿಟ್ಟು ಬರಿಸುವುದು ಸಹಜ. ಮನೋವೈದ್ಯರೂ ಪಂಜಾಬಿ ಕವಿಯೂ ಆಗಿದ್ದ ಜಸವಂತ್ ಸಿಂಗ್ ನೇಕಿ 1973ರಲ್ಲಿಯೇ ಈ ಸಮಸ್ಯೆಯನ್ನು ಎತ್ತಿ ಬರೆದಿದ್ದರು. ಪಶ್ಚಿಮದ ಸಮಾಲೋಚಕ ದೂರ ನಿಂತು ಕೇಳುತ್ತಾನೆ. ಭಾರತೀಯ ರೋಗಿ ಗುರುವನ್ನು ಹುಡುಕಿಕೊಂಡು ಬರುತ್ತಾನೆ. ಆದ್ದರಿಂದ ಗುರು-ಶಿಷ್ಯ ಸಂಬಂಧವನ್ನೇ ನಮ್ಮ ಚಿಕಿತ್ಸೆಯ ಮಾದರಿಯಾಗಿ ಪರಿಶೀಲಿಸಬಾರದೇ ಎಂಬುದು ಅವರ ಆಲೋಚನೆ. ಅನುಭವಿ ಸಮಾಲೋಚಕರು ಇಂದು ಎರಡನ್ನೂ ಬೆರೆಸುತ್ತಾರೆ. ನಿದ್ರೆ, ಊಟ, ಕುಡಿತ, ಮಾತ್ರೆಗಳ ವಿಷಯದಲ್ಲಿ ನೇರವಾಗಿಯೇ ಹೇಳುತ್ತಾರೆ. ಕೆಲಸ ಬಿಡಬೇಕೇ, ಮನೆ ಬೇರೆ ಮಾಡಬೇಕೇ, ಮದುವೆ ಮುರಿಯಬೇಕೇ ಎಂಬ ಪ್ರಶ್ನೆಗಳನ್ನು ಬಂದವರ ಕೈಗೇ ಮರಳಿಸುತ್ತಾರೆ. ಅದು ಉದಾಸೀನವಲ್ಲ, ಆ ತೀರ್ಮಾನದ ಫಲ ಉಣ್ಣಬೇಕಾದವರು ಅವರೇ.

ಮೊದಲ ಭೇಟಿಯ ಹೆಚ್ಚಿನ ಭಾಗ ಪ್ರಶ್ನೆಗಳಲ್ಲೇ ಕಳೆಯುತ್ತದೆ. ಮನೆಯಲ್ಲಿ ಯಾರಿದ್ದಾರೆ, ತೊಂದರೆ ಯಾವಾಗಿನಿಂದ, ನಿದ್ರೆ ಹೇಗಿದೆ, ಹಿಂದೆ ಯಾರ ಬಳಿ ತೋರಿಸಿದ್ದಿರಿ, ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತೇ ಎಂದು ಕೇಳುತ್ತಾರೆ. ‘ಸಾಯಬೇಕು ಎನ್ನಿಸಿದ್ದುಂಟೇ?’ ಎಂಬ ಪ್ರಶ್ನೆಯನ್ನೂ ನೇರವಾಗಿ ಕೇಳುತ್ತಾರೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತೆಂಬ ಭಯಕ್ಕೆ ಆಧಾರವಿಲ್ಲ. ಹೇಳಿಕೊಂಡವನ ಎದೆ ಹಗುರಾಗುವುದೇ ಹೆಚ್ಚು. ಆತ್ಮಹತ್ಯೆಗೆ ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಕಾಯಿದೆ ಹೇಳುತ್ತದೆ. ಪೊಲೀಸರ ಹೆದರಿಕೆಯಿಂದ ವಿಷ ಕುಡಿದದ್ದನ್ನು ಮುಚ್ಚಿಡುವ ರೈತ ಕುಟುಂಬಗಳಿಗೆ ಈ ಮಾತು ತಿಳಿದಿರಬೇಕು.

ಒಂದು ಭೇಟಿ ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆಯಂತೆ ಹಲವು ಸಲ ಹೋಗಬೇಕಾಗುತ್ತದೆ. ಮೊದಲೆರಡು ಭೇಟಿಗಳ ನಂತರ ಮನಸ್ಸು ಹಿಂದಿಗಿಂತ ಕದಡಿದಂತೆ ಅನಿಸಿದರೆ ಗಾಬರಿಯಾಗಬೇಕಿಲ್ಲ. ಬಹುಕಾಲ ಮುಚ್ಚಿಟ್ಟದ್ದನ್ನು ತೆರೆದಾಗ ಹಾಗಾಗುವುದುಂಟು. ಐದಾರು ಭೇಟಿಗಳಾದರೂ ಏನೂ ಬದಲಾಗದಿದ್ದರೆ ಅದನ್ನು ಸಮಾಲೋಚಕರಿಗೇ ಹೇಳಬೇಕು. ಬೇರೊಬ್ಬರ ಬಳಿಗೆ ಹೋಗುವುದರಲ್ಲಿ ಸಂಕೋಚವೂ ಬೇಡ. ಹೇಳಿದ ಗುಟ್ಟು ಹೊರಗೆ ಹೋಗುವುದಿಲ್ಲ. ಅದಕ್ಕೆ ಅಪವಾದಗಳಿವೆ: ತನ್ನ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯವಿದ್ದಾಗ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದಾಗ, ನ್ಯಾಯಾಲಯ ಕೇಳಿದಾಗ. ಇವನ್ನು ಮೊದಲ ದಿನವೇ ತಿಳಿಸುವವರು ಒಳ್ಳೆಯ ಸಮಾಲೋಚಕರು.

ಯಾರು ಏನೆಂಬುದರಲ್ಲಿ ಗೊಂದಲ ಬಹಳ. ಮನೋವೈದ್ಯರು ವೈದ್ಯಕೀಯ ಓದಿದವರು, ಮಾತ್ರೆ ಬರೆಯುವವರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಪರೀಕ್ಷೆ ಮತ್ತು ಮಾತಿನ ಚಿಕಿತ್ಸೆ ನಡೆಸುತ್ತಾರೆ, ಮಾತ್ರೆ ಬರೆಯುವುದಿಲ್ಲ. ಅವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ಮನೋಸಾಮಾಜಿಕ ಕಾರ್ಯಕರ್ತರು ಕುಟುಂಬದ, ಸರ್ಕಾರಿ ನೆರವಿನ ಕಡೆ ನೋಡುತ್ತಾರೆ. ‘ಕೌನ್ಸೆಲರ್’ ಎಂಬ ಫಲಕವನ್ನು ಮಾತ್ರ ಯಾರು ಬೇಕಾದರೂ ಹಾಕಿಕೊಳ್ಳುವ ಸ್ಥಿತಿ ಬಹುಕಾಲ ಇತ್ತು. ಆದ್ದರಿಂದ ಏನು ಓದಿದ್ದೀರಿ, ಎಲ್ಲಿ ತರಬೇತಿ ಎಂದು ಕೇಳುವುದು ಅಗೌರವವಲ್ಲ.

ದಂಪತಿಗಳ ಸಮಾಲೋಚನೆಗೆ ಬೇರೊಂದು ಚರಿತ್ರೆಯಿದೆ, ಅದರ ಬೇರು ತೆಲುಗು ನಾಡಿನದು. ಗೆರೆ ಎಳೆದ ಅದೇ 1953ರಲ್ಲಿ ರಾಜಮಹೇಂದ್ರಿಯ ಹೆಣ್ಣುಮಗಳು ದುರ್ಗಾಬಾಯಿ ದೇಶಮುಖ್ ಕೇಂದ್ರ ಸಮಾಜ ಕಲ್ಯಾಣ ಮಂಡಳಿಯ ಮೊದಲ ಅಧ್ಯಕ್ಷೆಯಾದರು. ಅದೇ ವರ್ಷ ಚೀನಾ ಪ್ರವಾಸ ಮಾಡಿ ಅಲ್ಲಿನ ಕುಟುಂಬ ನ್ಯಾಯಾಲಯಗಳನ್ನು ಕಂಡು ಬಂದ ಅವರು, ನಮ್ಮಲ್ಲೂ ಅಂಥವು ಬೇಕೆಂದು ನ್ಯಾಯಮೂರ್ತಿಗಳಾದ ಛಾಗ್ಲಾ ಮತ್ತು ಗಜೇಂದ್ರಗಡ್ಕರ್ ಅವರೊಡನೆ ಚರ್ಚಿಸಿ ಪ್ರಧಾನಿ ನೆಹರೂ ಅವರ ಮುಂದಿಟ್ಟರು. ಕಾಯಿದೆಯಾಗಲು 1984ರವರೆಗೆ ಕಾಯಬೇಕಾಯಿತು. ಅದಕ್ಕೆ ಒಂದು ವರ್ಷ ಮೊದಲೇ, 1983ರಲ್ಲಿ, ದುರ್ಗಾಬಾಯಿ ಕಟ್ಟಿದ ಮಂಡಳಿಯೇ ಸ್ವಯಂಸೇವಾ ಸಂಸ್ಥೆಗಳ ಮೂಲಕ ಕುಟುಂಬ ಸಲಹಾ ಕೇಂದ್ರಗಳ ಯೋಜನೆಯನ್ನು ಆರಂಭಿಸಿತ್ತು. ಕುಟುಂಬ ನ್ಯಾಯಾಲಯ ಕಾಯಿದೆಯಂತೆ ನ್ಯಾಯಾಧೀಶರು ಮೊದಲು ರಾಜಿಗೆ ಯತ್ನಿಸಬೇಕು. ಅದಕ್ಕೆ ನೆರವಾಗಲು ಸಮಾಲೋಚಕರಿರಬೇಕು. ಹೀಗಾಗಿ ನಮ್ಮ ಬಹುಪಾಲು ದಂಪತಿಗಳು ‘ಕೌನ್ಸೆಲಿಂಗ್’ ಪದವನ್ನು ಮೊದಲು ಕೇಳುವುದು ಕೋರ್ಟಿನ ಆವರಣದಲ್ಲಿ, ಜಗಳ ವಕೀಲರ ಕೈಸೇರಿದ ಮೇಲೆ. ಬೇರೆ ದೇಶಗಳಲ್ಲಿ ಇದು ಹೀಗಾಗಲಿಲ್ಲ. ಬ್ರಿಟನ್ನಿನಲ್ಲಿ 1938ರಲ್ಲೇ ವಿವಾಹ ಮಾರ್ಗದರ್ಶನ ಮಂಡಳಿ ಹುಟ್ಟಿ, ಬಿರುಕು ಸಣ್ಣದಿರುವಾಗಲೇ ಬರುವಂತೆ ಜನರನ್ನು ಕರೆಯಿತು. ನಾವು ಬರುವುದು ತಡ. ದಂಪತಿಗಳ ಸಮಾಲೋಚನೆ ಫಲಿಸಲಿಲ್ಲವೆಂಬ ದೂರಿಗೆ ಹೆಚ್ಚಿನ ಕಾರಣ ಈ ತಡವೇ ಎಂದು ನನ್ನ ಎಣಿಕೆ.

ಮಾನಸಿಕ ಚಿಕಿತ್ಸೆಯಲ್ಲಿ ಕುಟುಂಬಕ್ಕೆ ಜಾಗ ಕೊಟ್ಟದ್ದರಲ್ಲಿ ಮಾತ್ರ ಭಾರತ ಹಿಂದೆ ಬೀಳಲಿಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಆವರಣದಲ್ಲೇ ಡೇರೆ ಹಾಕಿ ಇರಿಸಿಕೊಂಡು ಚಿಕಿತ್ಸೆಯಲ್ಲಿ ಸೇರಿಸಿಕೊಂಡರು. ವೆಲ್ಲೂರಿನಲ್ಲೂ ಮನೆಯವರೊಡನೆ ಉಳಿಯುವ ಪದ್ಧತಿ ಬಂತು. ನಿಮ್ಹಾನ್ಸ್‌ನಲ್ಲಿ ಕುಟುಂಬ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಾಯಿತು.

ದಂಪತಿಗಳು ಹೋದಾಗ ಸಾಮಾನ್ಯವಾಗಿ ಇಬ್ಬರನ್ನೂ ಮೊದಲು ಜೊತೆಯಲ್ಲಿ, ಬಳಿಕ ಒಬ್ಬೊಬ್ಬರನ್ನಾಗಿ, ಮತ್ತೆ ಜೊತೆಯಲ್ಲಿ ಕೂರಿಸಿ ಮಾತಾಡಿಸುತ್ತಾರೆ. ಜೊತೆಗೆ ಬಂದ ಹಿರಿಯರನ್ನು ಹೊರಗೆ ಕಾಯಲು ಹೇಳುತ್ತಾರೆ. ಪಂಚಾಯ್ತಿಯ ಅಭ್ಯಾಸವಿದ್ದವರಿಗೆ ಇದೇ ಮೊದಲ ಅವಮಾನವಾಗಿ ಕಾಣುತ್ತದೆ. ಎಷ್ಟೋ ಪ್ರಕರಣಗಳು ಅಲ್ಲಿಗೇ ನಿಲ್ಲುತ್ತವೆ. ಒಬ್ಬರೇ ಇದ್ದಾಗ ಹೇಳಿದ ಗುಟ್ಟನ್ನು ಇನ್ನೊಬ್ಬರಿಗೆ ತಿಳಿಸುವರೇ ಇಲ್ಲವೇ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಕೇಳಿದ್ದನ್ನು ತಮ್ಮ ಮಾತಿನಲ್ಲಿ ಮರಳಿ ಹೇಳಬೇಕು. ಕೇಳಲು ಸುಲಭವಾದ ಈ ಪಾಠ ಹತ್ತು ವರ್ಷ ಕೂಡಿ ಬಾಳಿದವರನ್ನೂ ಬೆವರಿಳಿಸುತ್ತದೆ. ಸಮಾಲೋಚಕರು ಯಾರ ಕಡೆಯೂ ವಾಲುವುದಿಲ್ಲ. ಆದರೆ ಹೊಡೆತ-ಬಡಿತವಿರುವಲ್ಲಿ ಈ ಸಮದೂರ ಸಲ್ಲದು. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯ ಅಡಿಯಲ್ಲಿ ನಡೆಯುವ ಸಮಾಲೋಚನೆಯಲ್ಲಿ, ಹೊಡೆದವನು ಹೊಡೆದದ್ದಕ್ಕೆ ಸಮರ್ಥನೆ ಕೊಡಲು ಅವಕಾಶವೇ ಇಲ್ಲ. ‘ಅವಳು ಎದುರು ಮಾತಾಡಿದಳು’ ಎಂಬ ವಾದ ಕಟ್ಟೆಯ ಮೇಲೆ ನಡೆದೀತು, ಇಲ್ಲಿ ನಡೆಯದು.

ನಮ್ಮ ಸೀಮೆಯ ಎರಡು ವಿಶೇಷಗಳನ್ನು ನಗರದಲ್ಲಿ ಓದಿ ಬಂದ ಸಮಾಲೋಚಕರು ತಿಳಿದಿರುವುದಿಲ್ಲ, ಹೋದವರೇ ಹೇಳಬೇಕಾಗುತ್ತದೆ. ಒಂದು, ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತರುವ ಪದ್ಧತಿ. ಗಂಡ ತಾಯಿಯ ತಮ್ಮನೇ ಆದಾಗ ಅತ್ತೆ ಬೇರಾರೂ ಅಲ್ಲ, ಸ್ವಂತ ಅಜ್ಜಿ. ಗಂಡನ ಮೇಲೆ ದೂರು ಹೇಳಿದರೆ ಅದು ತಾಯಿಗೆ ಅವಳ ತಮ್ಮನ ಮೇಲಿನ ದೂರಾಗುತ್ತದೆ. ತವರು ಮನೆಯೆಂಬ ಆಸರೆ ಅಲ್ಲಿ ಗಂಡನ ಮನೆಯೊಳಗೇ ಕರಗಿರುತ್ತದೆ. ಇಂಥ ಹೆಣ್ಣಿನ ಮೌನವನ್ನು ಹೊರಗಿನವರು ಹೊಂದಾಣಿಕೆಯೆಂದು ತಪ್ಪಾಗಿ ಓದುವುದು ಸುಲಭ. ಇನ್ನೊಂದು, ವಲಸೆ. ಮಳೆಯನ್ನೇ ನಂಬಿದ ಕೋಸಿಗಿ, ಕೌತಾಳ, ಆದವಾನಿ ಸುತ್ತಿನ ಹಳ್ಳಿಗಳಿಂದ ಸುಗ್ಗಿ ಮುಗಿದೊಡನೆ ಕುಟುಂಬಗಳು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುತ್ತವೆ; ಮಕ್ಕಳು ಮುದುಕರ ಬಳಿ ಉಳಿಯುತ್ತಾರೆ. ವಾರಕ್ಕೊಮ್ಮೆ ಬನ್ನಿ ಎಂಬ ಕ್ರಮ ಅವರಿಗೆ ಒಗ್ಗದು. ಬರುವ ದಿನಗಳನ್ನು ಮೊದಲೇ ಮಾತಾಡಿ ಗೊತ್ತುಪಡಿಸಿಕೊಳ್ಳಬೇಕು, ನಡುವೆ ಫೋನಿನಲ್ಲಿ ಮಾತಾಡಲಾದೀತೇ ಎಂದೂ ಕೇಳಬೇಕು.

ಕೊನೆಯದಾಗಿ ಭಾಷೆ. ನಮ್ಮ ಜನ ತೆಲುಗಿನಲ್ಲಿ ವ್ಯಾಪಾರ ಮಾಡುತ್ತಾರೆ, ಕಚೇರಿಯ ಅರ್ಜಿ ಬರೆಯುತ್ತಾರೆ, ಸ್ನೇಹವನ್ನೂ ಬೆಳೆಸುತ್ತಾರೆ. ಆದರೆ ಮನೆಯಲ್ಲಿ ಕನ್ನಡವಾಡುವ ಹೆಣ್ಣುಮಗಳು ತನ್ನ ಸಂಕಟವನ್ನು ಹೇಳುವುದು ‘ಬ್ಯಾಸರ’ ಎಂದು, ‘ಎದಿ ಉರಿ’ ಎಂದು, ‘ಜೀವ ನಿಲ್ಲವಲ್ದು’ ಎಂದು. ಕೇಳುವವರಿಗೆ ಕನ್ನಡ ಬಾರದಿದ್ದರೆ ಎದಿ ಉರಿ ಹೊಟ್ಟೆಯ ಕಾಯಿಲೆಯಾಗಿ ಬಿಡಬಹುದು, ಮಾತ್ರೆಯೂ ಅದಕ್ಕೇ ಸಿಗಬಹುದು. ಜೊತೆಗೆ ಬಂದ ಗಂಡನೋ ಮೈದುನನೋ ಭಾಷಾಂತರಿಸಿದರೆ ಅವಳ ಮಾತಿನಲ್ಲಿ ಅವನಿಗೆ ಬೇಕಾದಷ್ಟೇ ದಾಟಿ ಹೋಗುತ್ತದೆ.

2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ದೂರವಾಣಿ ಸೇವೆ ಇಲ್ಲಿ ನೆರವಿಗೆ ಬರುತ್ತದೆ. ಅದರ ಸೂತ್ರ ನಿಮ್ಹಾನ್ಸ್‌ನ ಕೈಯಲ್ಲಿದೆ. ಸಂಖ್ಯೆ 14416, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಶುಲ್ಕವಿಲ್ಲ. ಕರೆ ಸೇರಿದೊಡನ��� ಭಾಷೆಯನ್ನು ಆರಿಸಿಕೊಳ್ಳಲು ಹೇಳುತ್ತಾರೆ, ಅದರಲ್ಲಿ ಕನ್ನಡವೂ ಇದೆ. ಮೊದಲು ತರಬೇತಿ ಪಡೆದ ಸಮಾಲೋಚಕರು ಮಾತಾಡುತ್ತಾರೆ. ಅಗತ್ಯ ಕಂಡರೆ ಮನೋವೈದ್ಯರಿಗೆ ದಾಟಿಸುತ್ತಾರೆ, ಹತ್ತಿರದ ಆಸ್ಪತ್ರೆಯನ್ನೂ ಸೂಚಿಸುತ್ತಾರೆ. ಆದವಾನಿಯವರು ಕರೆ ಮಾಡುವಾಗ ಎದುರಿನವರು ತೆಲುಗಿನಲ್ಲಿ ಮಾತು ಆರಂಭಿಸಿದರೆ ಅದರಲ್ಲೇ ಮುಂದುವರಿಯಬೇಕಾಗಿಲ್ಲ. ‘ಕನ್ನಡದಾಗ ಮಾತಾಡೋರು ಬೇಕ್ರಿ’ ಎಂದು ಕೇಳಬಹುದು.